ಬಣ್ಣದ ಕೆಳಗಿನ ಚುಕ್ಕಿ

ಬೆಳಗಿನಿಂದ ವ್ಯಂಕಟೇಶನ ಬಲಗಣ್ಣು ಉರಿಯುತ್ತಿತ್ತು. ಬಲಗಣ್ಣು ಅವನ ಹೊಟ್ಟೆಪಾಡಿನ ಕಣ್ಣು. ದಿನವಿಡೀ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರಗಳ ಹೊಟ್ಟೆಯೊಳಗೆ ಇಣುಕುವುದು ಅದರ ಕೆಲಸ. ಎಡಗಣ್ಣಿಗೆ ಅಂಥ ಜವಾಬ್ದಾರಿಯೇನೂ ಇಲ್ಲದ್ದರಿಂದ ಅದು ಅಂಗಡಿಯ ಮೆಟ್ಟಿಲು ಇಳಿದು, ಆಳಂದದ ಬಜಾರು ದಾಟಿ, ಖಜೂರಿಯ ಕಡೆ ಹೋಗುವ ರಸ್ತೆಯ ಮೇಲೆ ಹೋಗಿ ಕೂತಿರುತ್ತಿತ್ತು. ಆ ರಸ್ತೆ ಖಜೂರಿ ದಾಟಿ, ಸುಂಕ ವಸೂಲಿಯ ಕರೋಡಗಿರಿ ನಾಕಾ ದಾಟಿ, ನಿಜಾಮರ ಸೀಮೆ ಮುಗಿಸಿ ಸೊಲ್ಲಾಪುರಕ್ಕೆ ಹೋಗುತ್ತದೆ. ಸೊಲ್ಲಾಪುರದಲ್ಲಿ ಅವನ ಹೆಂಡತಿ ಪ್ರಮಿಲಾ ಇದ್ದಾಳೆ. ಹೋದ ದೀಪಾವಳಿಯ ಹೊತ್ತಿಗೆ ಊರಲ್ಲಿ ಗದ್ದಲ ಹೆಚ್ಚಾಗಿ, ಬಜಾರಿನ ಅರ್ಧ ಮಂದಿ ಹೆಂಗಸರು ಮಕ್ಕಳನ್ನು ಗಡಿಯಾಚೆ ಕಳಿಸಿದಾಗ ಇವನೂ ಅವಳನ್ನು ಅವಳ ತಮ್ಮ ಹರಿಯ ಮನೆಗೆ ಕಳಿಸಿದ್ದ. ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ತಾನು ಉಳಿದ. ಅದು ಸುಳ್ಳು. ಇಡೀ ಅಂಗಡಿಯನ್ನು ಒಂದು ಕೈಚೀಲದಲ್ಲಿ ತುಂಬಿಕೊಂಡು ಹೋಗಬಹುದಿತ್ತು. ಈಗ ನಲವತ್ತೆಂಟರ ಬೇಸಿಗೆ. ಎರಡು ಕಾಗದ ಬರೆದಿದ್ದ, ಎರಡಕ್ಕೂ ಉತ್ತರವಿಲ್ಲ. ಟಪಾಲು ಸರಿಯಾಗಿ ಬರುತ್ತಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಪಕ್ಕದ ಅಂಗಡಿಯವನಿಗೆ ಅದೇ ಸೊಲ್ಲಾಪುರದಿಂದ ವಾರಕ್ಕೊಂದು ಕಾಗದ ಬರುತ್ತಿದ್ದುದನ್ನು ನೋಡಿಯೂ ಹೇಳುತ್ತಿದ್ದ.

ಉರಿಯುವ ಕಣ್ಣನ್ನು ಧೋತರದ ತುದಿಯಿಂದ ಒತ್ತಿಕೊಂಡಾಗ ಪ್ರಮಿಲಾಳ ಸೆರಗಿನ ನೆನಪಾಯಿತು. ಹೀಗೆ ಉರಿ ಎದ್ದಾಗ ಅವಳು ಸೆರಗನ್ನು ಉಂಡೆ ಮಾಡಿ, ಬಾಯಿಯಿಂದ ಬಿಸಿ ಊದಿ ಊದಿ ರೆಪ್ಪೆಯ ಮೇಲೆ ಇಡುತ್ತಿದ್ದಳು; ಆಗ ಅವಳ ಉಸಿರಿನಲ್ಲಿ ಏಲಕ್ಕಿಯ ವಾಸನೆ ಇರುತ್ತಿತ್ತು. ಧೋತರದ ತುದಿಯಲ್ಲಿ ಸೀಮೆಎಣ್ಣೆಯ ವಾಸನೆ ಬಿಟ್ಟರೆ ಏನೂ ಇಲ್ಲ. ಹೆಂಡತಿ ಬೇಕು ಎಂದು ಇಷ್ಟು ದಿನ ಅವನು ಬಾಯಿ ಬಿಟ್ಟು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಈಗ ಹಾಡುಹಗಲೇ, ಮುಳ್ಳು ಕಳಚಿದ ಗಡಿಯಾರವೊಂದನ್ನು ಕೈಯಲ್ಲಿ ಹಿಡಿದುಕೊಂಡು, ಪ್ರಮಿಲಾ ಬೇಕು ಅನ್ನಿಸಿತು. ಕಳಿಸಿಕೊಡುವ ದಿನ ಅವಳು ಬಸ್ಸಿನ ಕಿಟಕಿಯಿಂದ, "ನಾ ಕೇಳಿದ್ದಕ್ಕ ಒಂದು ಖರೇ ಮಾತ ಬರದು ಕಳಸ್ರಿ, ಮರುದಿನಾನs ಬರ್ತೇನಿ" ಎಂದಿದ್ದಳು. ಕೇಳಿದ್ದು ಏನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಕಾಗದಗಳಲ್ಲೂ ಊರಿನ ಬಿಸಿಲು, ಹುಣಸೆಯ ಫಸಲು, ತನ್ನ ಆರೋಗ್ಯ, ಎಲ್ಲವನ್ನೂ ಬರೆದು ಅದೊಂದನ್ನು ಬಿಟ್ಟಿದ್ದ.

ಮಧ್ಯಾಹ್ನ ಬಜಾರು ಬಾಗಿಲು ಹಾಕಿಕೊಂಡು ಮಲಗಿದ ಹೊತ್ತಿನಲ್ಲಿ ಮೂವರು ಮೆಟ್ಟಿಲ ಹತ್ತಿರ ಬಂದು ನಿಂತರು. ಹೆಗಲ ಮೇಲೆ ಕರಿ ಕಂಬಳಿ ಹಾಕಿದ ಮುದುಕ, ಅವನ ಮುದುಕಿ, ಹಿಂದೆ ಒಬ್ಬ ಹರೆಯದ ಹೆಂಗಸು. ಇಂಥ ಬಿಸಿಲಲ್ಲೂ ಕಂಬಳಿ ಬಿಡದವನನ್ನು ನೋಡಿ ಕುರುಬರವನೆಂದು ಯಾರಾದರೂ ಹೇಳಬಹುದಿತ್ತು.

"ಶರಣ್ರೀ ಪತ್ತಾರ್ರs. ನರೋಣಾದ ಮಾಳಿಂಗಪ್ಪ ಅಂತಾರ್ರಿ ನನಗ. ಈಕಿ ನಿಂಬೆವ್ವ, ನನ್ನ ಹೇಣ್ತಿ. ಆಕಿ ನಮ್ಮ ಸೊಸಿ ಸಕ್ಕುಬಾಯಿ. ಬಿಲ್ಲಾ ನೋಡಿ ಅಸಲಿ ನಕಲಿ ಹೇಳೋರು ಈ ಮೂರು ತಾಲೂಕದಾಗ ನೀವೊಬ್ರs ಅಂದ್ರು. ಅದಕ್ಕ ಬಂದೇವ್ರಿ."

ಮೂರು ತಾಲೂಕಿನ ಮಾತು ಕೇಳಿ ವ್ಯಂಕಟೇಶನಿಗೆ ಹಿಗ್ಗೂ ಆಯಿತು, ಅಳುಕೂ ಆಯಿತು. ಈ ಕೀರ್ತಿ ಹುಟ್ಟಿದ್ದು ಹೋದ ವರ್ಷ, ಅಫಜಲಪುರದಲ್ಲಿ. ಅಲ್ಲಿಯ ಸಲಾವುದ್ದೀನ ಸಾಹೇಬರು ಪಿಂಚಣಿ ತೆಗೆದುಕೊಂಡ ಹಳೆಯ ಅಧಿಕಾರಿ. ಲಡಾಯಿಯಿಂದ ತಿರುಗಿ ಬಂದ ಸಿಪಾಯಿಗಳ ಹತ್ತಿರ ಜರ್ಮನ್ ಸಿಪಾಯಿಗಳು ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆಗಳನ್ನು ಕೊಂಡು ಮಖಮಲ್ಲಿನ ಪೆಟ್ಟಿಗೆಯಲ್ಲಿ ಜೋಡಿಸಿಡುವುದು ಅವರ ಶೋಕಿ. ಇವನು ಮುಂಬೈಯಲ್ಲಿ ಮಿಲ್ಟ್ರಿ ಬಿಲ್ಲೆಗಳ ಕೆಲಸ ಮಾಡಿದವನೆಂದು ಕೇಳಿ ಕರೆಸಿದ್ದರು. ಮೊದಲು ಚಪ್ಪಲಿ ಬಿಡುವ ಜಾಗದಲ್ಲಿ ಒಂದು ತಾಸು ನಿಲ್ಲಬೇಕಾಯಿತು. ಸಾಹೇಬರ ನಿದ್ದೆ ಮುಗಿದಿರಲಿಲ್ಲ. ಆಮೇಲೆ ಹದಿನೇಳು ಬಿಲ್ಲೆ ಮುಂದಿಟ್ಟರು. ಇವನು ಅಂಗೈಯಲ್ಲಿಟ್ಟು ತೂಕ ನೋಡಿದ, ಹಿಂದಿನ ಪಿನ್ನಿನ ಬೆಸುಗೆ ನೋಡಿದ, ಅಂಚಿನ ಮೇಲೆ ಉಗುರು ಎಳೆದ, ಎಲೆಗಳ ನರ ಚೂಪಾಗಿವೆಯೋ ಕರಗಿದಂತಿವೆಯೋ ಎಂದು ಗಾಜಿನಲ್ಲಿ ನೋಡಿದ. ಕೈಯಿಂದ ಕೊರೆಯದೆ, ಒಂದು ಬಿಲ್ಲೆಯನ್ನೇ ಒತ್ತಿ ಅಚ್ಚು ತೆಗೆದು ಇನ್ನೊಂದನ್ನು ಎರಕ ಹೊಯ್ದರೆ ನರ ಸತ್ತುಹೋಗಿರುತ್ತದೆ, ಎಷ್ಟು ಉಜ್ಜಿದರೂ ಬರುವುದಿಲ್ಲ. ಐದನ್ನು ನಕಲಿ ಎಂದು ಪಕ್ಕಕ್ಕಿಟ್ಟ. ಸಾಹೇಬರು ಆಗ ಕುರ್ಚಿ ತರಿಸಿದರು. ಆರನೆಯದು ಬಂದಾಗ ಅವರೇ, "ಯೇ ಸಬಸೇ ಉಮ್ದಾ ಹೈ, ಕ್ಯಾ ಕಹತೇ?" ಎಂದರು. ಅದು ಎಲ್ಲಕ್ಕಿಂತ ಚಂದ ಎಂಬ ಮಾತಿನಲ್ಲಿ ಏನೂ ತಪ್ಪಿರಲಿಲ್ಲ. ವ್ಯಂಕಟೇಶ ತನ್ನ ಕೈಯಿಂದಲೇ ಅಚ್ಚು ಕೊರೆದು ಹೊಡೆದ ಬಿಲ್ಲೆಯನ್ನು ಗುರುತು ಹಿಡಿದು, ಅಸಲಿ ಎಂದ. ಬರುವಾಗ ಬಸ್ಸಿನಲ್ಲಿ ನಾಚಿಕೆಯಾಗಬೇಕಿತ್ತು. ಅದರ ಬದಲು ಸಂತೋಷವಾಗಿತ್ತು; ತನ್ನ ಕೆಲಸ ಮಖಮಲ್ಲಿನ ಮೇಲೆ ಕೂತಿದೆ, ಹೇಳುವ ಹಾಗಿಲ್ಲವಾದರೂ ಕೂತಿದೆ.

ನಿಂಬೆವ್ವ ಸೊಂಟದ ಚೀಲದಿಂದ ಅರಿವೆಯ ಗಂಟು ತೆಗೆದು ಬಿಚ್ಚುತ್ತಿದ್ದಳು. ಮಾಳಿಂಗಪ್ಪ ನಡುವೆ ನಡುವೆ ಕೆಮ್ಮುತ್ತ ಸಂಗತಿ ಹೇಳಿದ. ಅವರ ಒಬ್ಬನೇ ಮಗ ಬೀರಣ್ಣ ಸೊಲ್ಲಾಪುರಕ್ಕೆ ಹೋಗಿ ಸಿಪಾಯಿ ಭರ್ತಿಯಾದವನು ಹಡಗು ಹತ್ತಿ ಇಟಲಿ ದೇಶಕ್ಕೆ ಹೋದ. ನಲವತ್ನಾಲ್ಕನೇ ಇಸವಿಯ ದಸರೆಗೆ, ನಿಮ್ಮ ಮಗನ ಪತ್ತೆ ಇಲ್ಲ ಎಂದು ಕಾಗದ ಬಂತು. ಲಡಾಯಿ ಮುಗಿದ ಮೇಲೆ, ಸತ್ತನೆಂದು ತಿಳಿಯತಕ್ಕದ್ದು ಎಂದು ಇನ್ನೊಂದು ಬಂತು.

"ತಿಳೀಬೇಕಂತ್ರಿ," ಎಂದ ಮಾಳಿಂಗಪ್ಪ. "ಹೆಣ ನೋಡ್ದs ಹೆಂಗ ತಿಳೀಬೇಕು? ಆದ್ರೂ ತಿಳ್ಕೊಂಡ್ವಿ. ಈ ಹುಡುಗಿ ಎಷ್ಟ ವರ್ಷ ಹಿಂಗs ಕುಂದ್ರಬೇಕು? ಜೇವರ್ಗಿ ಕಡಿಂದ ಉಡಕಿ ಲಗ್ನಕ್ಕ ಕೇಳ್ಯಾರ. ಮನಷ್ಯಾ ಚಲೋ ಅದಾನ, ಹೇಣ್ತಿ ತೀರ್ಕೊಂಡಾಳ. ಮಂಗಳವಾರ ಅವರು ಮಾತಿಗಿ ಬರಾಕತ್ತಾರ. ನಾನs ಮುಂದ ನಿಂತು ಕೊಡಬೇಕಂತ ಇದ್ದೆ, ಮಗಳ ಕೊಟ್ಟಂಗ. ಅಷ್ಟ್ರಾಗ ಖಜೂರಿ ದಾವಲಸಾಬ ಬಂದು ಇದನ್ನ ಕೊಟ್ಟ."

ದಾವಲಸಾಬ ಬೀರಣ್ಣನ ಜೊತೆಗೇ ಭರ್ತಿಯಾಗಿ, ಅವನ ಕಂಪನಿಯಲ್ಲೇ ಇದ್ದವನು. ತಿರುಗಿ ಬಂದ ಮೇಲೆ ಸೊಲ್ಲಾಪುರದ ಗಿರಣಿ ಸೇರಿಕೊಂಡಿದ್ದವನು ಮೊನ್ನೆ ನರೋಣಾಕ್ಕೆ ಬಂದು, ಅಂಗಳದಲ್ಲಿ ನಿಂತೇ ಈ ಬಿಲ್ಲೆ ಕೊಟ್ಟನಂತೆ. ಬಿದ್ದ ಜರ್ಮನ್ ಒಬ್ಬನಿಗೆ ಬೀರಣ್ಣ ನೀರು ಕುಡಿಸಿದ, ಅವನು ಇದನ್ನು ಬಿಚ್ಚಿಕೊಟ್ಟ, ಅವ್ವನಿಗೆ ಮುಟ್ಟಿಸು ಎಂದು ಬೀರಣ್ಣ ನನಗೆ ಕೊಟ್ಟ, ಅದು ನಲವತ್ತೈದರ ಹೋಳಿಯ ಸುಮಾರು ಎಂದನಂತೆ. ಹೋಳಿ ಎಂದರೆ ಕಾಗದ ಬಂದು ಐದು ತಿಂಗಳ ಮೇಲೆ.

"ಬಿಲ್ಲಾ ಅಸಲಿ ಆದ್ರ ಅವನ ಮಾತೂ ಖರೇ. ನನ್ನ ಮಗ ಆವಾಗಿನ್ನೂ ಇದ್ದ. ಇದ್ದಾವ ಎಲ್ಲೋ ಇರಬೇಕು," ಎಂದಳು ನಿಂಬೆವ್ವ. "ನಕಲಿ ಆದ್ರ..." ಎಂದು ಗಂಡನ ಮುಖ ನೋಡಿದಳು.

"ನಕಲಿ ಆದ್ರ ಮಂಗಳವಾರ ಬರೋರು ಬರ್ತಾರ," ಎಂದ ಮಾಳಿಂಗಪ್ಪ. "ಇಷ್ಟs ನೋಡ್ರಿ."

ವ್ಯಂಕಟೇಶ ಗಾಜನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಬಿಲ್ಲೆಯನ್ನು ಬೆಳಕಿಗೆ ಹಿಡಿದ. ಗಾಯಗೊಂಡ ಸಿಪಾಯಿಗೆ ಕೊಡುವ ಕಪ್ಪು ಬಿಲ್ಲೆ. ತೆಳು ಹಿತ್ತಾಳೆ, ಮೊಟ್ಟೆಯಾಕಾರ. ಸುತ್ತಲೂ ಎಲೆಯ ಹಾರ, ಒಳಗೆ ಅಡ್ಡಡ್ಡ ಎರಡು ಕತ್ತಿ, ಅವುಗಳ ಮೇಲೆ ಉಕ್ಕಿನ ಟೊಪ್ಪಿಗೆ, ಟೊಪ್ಪಿಗೆಯ ಮೇಲೆ ಓರೆಯಾಗಿ ಕೂತ ಸ್ವಸ್ತಿಕ. ಮೊದಲ ನೋಟಕ್ಕೆ ಬಂದದ್ದು ಸಂತೋಷ. ಎಷ್ಟು ಚಂದ ಕೂತಿದೆ ಎಲೆ! ಒಂದೊಂದರ ನರವೂ ಬೇರೆ ಬೇರೆ. ಕಳೆದುಹೋದ ಮಗುವನ್ನು ಸಂತೆಯಲ್ಲಿ ಕಂಡಷ್ಟು ಸಂತೋಷ, ನಾಚಿಕೆಗೆಟ್ಟ ಸಂತೋಷ. ಮುಂದೆ ಮೂರು ಜನ ಉಸಿರು ಹಿಡಿದು ನಿಂತಿದ್ದಾರೆ ಎಂಬುದನ್ನು ಅವನು ಅಷ್ಟು ಹೊತ್ತು ಮರೆತೇಬಿಟ್ಟಿದ್ದ. ಮುಂಬೈಯ ಭುಲೇಶ್ವರದ ಗಲ್ಲಿಯ ಹಿಂದೆ ಅವನು ದುಡಿದ ಕಾರ್ಖಾನೆಯಲ್ಲಿ, ಮುಂದಿನ ಕೋಣೆಯಲ್ಲಿ ಸರ್ಕಾರದ ಸಿಪಾಯಿ ಅಂಗಿಯ ಗುಂಡಿಗಳು, ಹಿಂದಿನ ಕೋಣೆಯಲ್ಲಿ ಇವು. ಲಡಾಯಿ ಮುಗಿದು ಗೋರಾ ಸಿಪಾಯಿಗಳು ಮುಂಬೈ ಬಂದರದಿಂದ ತಮ್ಮ ಊರಿಗೆ ಹೊರಟಿದ್ದರು. ಬರ್ಮಾದಿಂದ ಬಂದು, ಜರ್ಮನ್ ಎಂಬವನ ಮುಖವನ್ನೇ ಕಾಣದವರಿಗೂ ಮನೆಗೆ ಒಯ್ಯಲು ಒಂದು ಜರ್ಮನ್ ಬಿಲ್ಲೆ ಬೇಕಿತ್ತು. ಕಾರ್ಖಾನೆಯ ಸೇಠ ಒಂದು ಅಸಲಿಯನ್ನು ತಂದು ಮುಂದಿಟ್ಟು, ಇದನ್ನು ಎರಡನೆಯದು ಎಂದು ಯಾರೂ ಹೇಳಬಾರದು ಎಂದಿದ್ದ. ಹನ್ನೊಂದು ದಿನ ಕೂತು ಅಚ್ಚು ಕೊರೆದಿದ್ದ ವ್ಯಂಕಟೇಶ. ಅಪ್ಪನ ಹತ್ತಿರ ಕಲಿತ ಅಕ್ಕಸಾಲಿ ಕೆಲಸವೆಲ್ಲ ಆ ಹನ್ನೊಂದು ದಿನಗಳಲ್ಲಿ ಕೈಗೆ ಬಂದಿತ್ತು. ಅಂಥ ಕೆಲಸ ಮತ್ತೆ ಮಾಡಲಿಲ್ಲ. ಇನ್ನು ಮಾಡುವುದೂ ಇಲ್ಲ ಎಂದು ಅವನಿಗೆ ಗೊತ್ತಿತ್ತು.

ಆಮೇಲೆ ಚುಕ್ಕಿಗಳು ಕಂಡವು. ಸ್ವಸ್ತಿಕದ ನಾಲ್ಕು ತೋಳುಗಳ ನಡುವೆ ನಾಲ್ಕು ಚುಕ್ಕಿ, ಸಾಸಿವೆಗಿಂತ ಸಣ್ಣವು. ವ್ಯಂಕಟೇಶನ ಕಿವಿ ಬಿಸಿಯಾಯಿತು. ಅಚ್ಚಿನ ಕೊನೆಯ ದಿನ, ಸಂಜೆ, ಸ್ವಸ್ತಿಕ ಮುಗಿಸಿ, ಕೈ ತಾನೇ ಚೂಪು ಉಳಿ ತೆಗೆದುಕೊಂಡು ನಾಲ್ಕು ಚುಕ್ಕಿ ಇಟ್ಟಿತ್ತು. ಮನಸ್ಸು ಅಲ್ಲಿರಲಿಲ್ಲ. ಹೊಸ ಮದುವೆ, ಪ್ರಮಿಲಾ ಆಳಂದದಲ್ಲಿದ್ದಳು. ಬೆಳಿಗ್ಗೆ ಮಿಂದು ಬಂದು, ಒದ್ದೆ ಕೂದಲನ್ನು ಬೆನ್ನಿಗೆ ಎಸೆದು ಹೊಸ್ತಿಲ ಮುಂದೆ ಕೂತು, ಅರಿಶಿನದಲ್ಲಿ ಸ್ವಸ್ತಿಕ ಬರೆದು, ಉಂಗುರದ ಬೆರಳಿನಿಂದ ನಾಲ್ಕು ಮನೆಗಳಲ್ಲಿ ನಾಲ್ಕು ಚುಕ್ಕಿ ಇಡುತ್ತಿದ್ದಳು. ಚುಕ್ಕಿ ಇಲ್ಲದಿದ್ದರೆ ಅದು ಬರೀ ಗೆರೆ, ಮಂದಿ ಇಲ್ಲದ ಮನೆ ಎನ್ನುತ್ತಿದ್ದಳು. ಜರ್ಮನರಿಗೆ ಇದೆಲ್ಲ ಗೊತ್ತಿಲ್ಲವಲ್ಲ. ಐವತ್ತೋ ಅರವತ್ತೋ ಹೊಡೆದು ಬಂದರಕ್ಕೆ ಹೋದ ಮೇಲೆ ಸೇಠ ಗಾಜು ಹಿಡಿದು ನೋಡಿದ. ಎಲ್ಲರ ಮುಂದೆ, ಪೂಜೆಗಿಡಲು ಮಾಡಿದೆಯೇನೋ ಎಂದು ಬಿಲ್ಲೆಯನ್ನು ಅವನ ಹಣೆಗೆ ಒತ್ತಿ ಹಿಡಿದ. ಅಚ್ಚಿನ ಚುಕ್ಕಿಗಳನ್ನು ತುಂಬಿ ಸರಿ ಮಾಡಲು ಮತ್ತೆರಡು ದಿನ ಹಿಡಿಯಿತು. ಆಗಲೇ ಹೋಗಿಬಿಟ್ಟ ಬಿಲ್ಲೆಗಳಲ್ಲಿ ಎಡಗಡೆಯ ಕೆಳಗಿನ ಚುಕ್ಕಿ ಕೂದಲೆಳೆಯಷ್ಟು ಹೊರಗೆ ಸರಿದಿತ್ತು. ಅವನ ಕೈ ಎಂದೂ ಆ ಮೂಲೆಯಲ್ಲಿ ಜಾರುತ್ತದೆ. ಈಗ ಗಾಜಿನ ಕೆಳಗೂ ಅದು ಹೊರಗೇ ಸರಿದಿದೆ. ಕಾರ್ಖಾನೆಗೆ ಪೋಲೀಸರು ಬಂದು ಬೀಗ ಹಾಕಿದಾಗ ಅವನು ಊರಿಗೆ ಬಂದು, ಲಡಾಯಿ ಮುಗೀತು, ಕೆಲಸ ಮುಗೀತು ಎಂದು ಹೇಳಿದ್ದ. ಪ್ರಮಿಲಾಳ ತಮ್ಮ ಹರಿ ಮುಂಬೈಯಲ್ಲಿ ವಿಚಾರಿಸಿ ಬಂದು, ಒಂದು ದಿನ ಊಟಕ್ಕೆ ಕೂತಲ್ಲಿ ಹತ್ತು ಜನರ ನಡುವೆ, "ನಮ್ಮ ಮಾಮಾನ ಕೈಯಾಗ ಅಸಲಿ ಅಂತ ಏನರೆ ಉಳದದೇನು?" ಎಂದು ನಕ್ಕಿದ್ದ. ಪ್ರಮಿಲಾ ಬಡಿಸುವುದನ್ನು ನಿಲ್ಲಿಸಿ ನೋಡಿದಳು. ಹರಿ ಅಂದದ್ದು ಏನು ಎಂದು ರಾತ್ರಿ ಕೇಳಿದಳು, ಇವನು ಮಗ್ಗುಲು ತಿರುಗಿ ಮಲಗಿದ. ಅವಳು ಕೇಳಿದ್ದು ಅದೊಂದೇ.

"ಏನ್ರಿ ಪತ್ತಾರ್ರ?" ಎಂದ ಮಾಳಿಂಗಪ್ಪ.

ಈಗ ಹೇಳಬೇಕು ಎಂದುಕೊಂಡು ವ್ಯಂಕಟೇಶ ಬಾಯಿ ತೆರೆದ. ಅಷ್ಟರಲ್ಲಿ ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಸಕ್ಕುಬಾಯಿ ಒಂದು ಮೆಟ್ಟಿಲು ಹತ್ತಿ ಮುಂದೆ ಬಂದಳು.

"ಅಸಲಿ ನಕಲಿ ಆಮ್ಯಾಲ ಹೇಳ್ರಿ. ನನ್ನದೊಂದು ಮಾತದ. ಆ ಟೊಪಿಗಿ ಮ್ಯಾಲ ಸ್ವಸ್ತಿಕದಾಗ ನಾಕು ಚುಕ್ಕಿ ಅದಾವು, ನೋಡಿದ್ರಿ?"

"ನೋಡಿದೆ."

"ಜರ್ಮನ್ ಮಂದಿ ಚುಕ್ಕಿ ಇಡ್ತಾರೇನ್ರಿ?"

"ಇಲ್ಲ."

ಸಕ್ಕುಬಾಯಿ ಅತ್ತೆ ಮಾವನ ಕಡೆ ನೋಡದೆ, ಬಿಲ್ಲೆಯ ಕಡೆಗಷ್ಟೇ ನೋಡುತ್ತ ಹೇಳಿದಳು. "ಅವರು ಭರ್ತಿಗಂತ ಸೊಲ್ಲಾಪುರಕ್ಕ ಹೋಗೋ ದಿನ ನಾ ಹೊಸ್ತಲಕ್ಕ ಸ್ವಸ್ತಿಕ ಬರ್ಯಾಕತ್ತಿದ್ದೆ. ಒಳಗ ಅತ್ತಿ ಕರದ್ರು, ಎದ್ದು ಹೋದೆ. ತಿರುಗಿ ಬರೋದ್ರಾಗ ಅವರು ಬಗ್ಗಿ, ಅರಿಶಿಣದಾಗ ಬೆರಳ ಅದ್ದಿ, ನಾಕು ಚುಕ್ಕಿ ಇಟ್ಟಿದ್ರು. ಗಂಡಸರು ಇಡೋದಲ್ಲಂತ ನಾ ನಕ್ಕೆ. ಅದs ಕಡೀ ಮಾತು. ಈ ಬಿಲ್ಲಾದಾಗ ಚುಕ್ಕಿ ಇಟ್ಟಾರ, ನನಗ ಗುರುತು ಹತ್ಲಿ ಅಂತ. ನಾ ಉಗುರಾಡಿಸಿ ನೋಡೇನಿ, ಉಬ್ಬ್ಯಾವು. ಹಿಂದಿನಿಂದ ಸೂಜೀಲೆ ಒತ್ತಿರಬೇಕು. ನೀವು ನಿಮ್ಮ ಗಾಜಿನ್ಯಾಗ ನೋಡಿ ಹೇಳ್ರಿ. ಅಚ್ಚಿನ್ಯಾಗs ಬಂದಾವೇನು, ಇಲ್ಲಾ ಯಾರರೆ ಕೈಲೆ ಇಟ್ಟಾರೇನು? ಕೈಲೆ ಇಟ್ಟಿದ್ರ ನಾ ಮಂಗಳವಾರ ಒಲ್ಲೆ ಅಂತೇನಿ. ಎಷ್ಟ ವರ್ಷ ಆದ್ರೂ ಕುಂದರ್ತೇನಿ."

ಸಲಾವುದ್ದೀನ ಸಾಹೇಬರಿಗೆ ಕೂಡ ಇಷ್ಟು ಸರಿಯಾದ ಪ್ರಶ್ನೆ ಕೇಳಲು ಬಂದಿರಲಿಲ್ಲ. ವ್ಯಂಕಟೇಶ ತಲೆ ಬಗ್ಗಿಸಿ ಮತ್ತೆ ನೋಡಿದಂತೆ ಮಾಡಿದ. ನೋಡುವುದೇನಿದೆ? ಆಮೇಲೆ ಒತ್ತಿದ್ದರೆ ಚುಕ್ಕಿಯ ಸುತ್ತ ಕಪ್ಪು ಬಣ್ಣ ಬಿರಿದಿರಬೇಕು. ಇಲ್ಲಿ ಬಣ್ಣ ಚುಕ್ಕಿಗಳ ಮೇಲೆ ಒಂದೇ ಸಮನೆ ಹರಿದಿದೆ. ಚುಕ್ಕಿ ಬಣ್ಣದ ಕೆಳಗಿದೆ, ಬಣ್ಣಕ್ಕಿಂತ ಮೊದಲಿನದು. ಹೇಳಿದರೆ, ಹೇಗೆ ಗೊತ್ತು ಎನ್ನುತ್ತಾರೆ. ಬಜಾರಿಗೆಲ್ಲ ತಿಳಿಯುತ್ತದೆ. ಅಫಜಲಪುರಕ್ಕೆ ತಿಳಿಯುತ್ತದೆ. ಹರಿ ಹತ್ತು ಜನರ ನಡುವೆ ಮತ್ತೆ ನಗುತ್ತಾನೆ. ಇದೆಲ್ಲ ಒಂದು ಕಡೆ. ಇನ್ನೊಂದು ಕಡೆ, ಎದುರಿಗೆ ಈ ಮುಖ. ಗಡಿಯಾಚೆ ಯಾರಾದರೂ ತನಗಾಗಿ ಇಂಥ ಮುಖ ಮಾಡಿಕೊಂಡು ಕೂತಿದ್ದಾರೆಯೇ? ಅವನು ಗಾಜನ್ನು ಕಣ್ಣಿನಿಂದ ಕಳಚಿ ಕೆಳಗಿಟ್ಟ. ಬಾಯಿಂದ ಬಂದದ್ದು ಹೀಗೆ:

"ಕೈಲೆ ಇಟ್ಟದ್ದs ತಂಗಿ. ನಮ್ಮ ಕಡಿಯವರ ಕೈ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಿಂದೆಂದೂ ಅವನು ಅಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ನಿಂಬೆವ್ವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಎದ್ದು ಅವನ ಮುಖದ ಸುತ್ತ ಕೈ ಆಡಿಸಿ, ತನ್ನ ಕಪಾಲಕ್ಕೆ ಬೆರಳು ಒತ್ತಿ ಲಟಿಕೆ ಮುರಿದಳು. "ನಿನ್ನ ಕಣ್ಣಾಗ ನನ್ನ ಮಗ ಕಂಡ ನೋಡಪಾ, ನಿನ್ನ ಕಣ್ಣು ತಂಪಾಗಿರ್ಲಿ" ಎಂದಳು. ಉರಿಯುತ್ತಿದ್ದ ಕಣ್ಣಿನಲ್ಲಿ ನೀರು ಬಂತು. ಮಾಳಿಂಗಪ್ಪ, ಜೇವರ್ಗಿಗೆ ನಾಳೆಯೇ ಹೇಳಿ ಕಳಿಸಬೇಕು, ಪಾಪ ಆ ಮನುಷ್ಯ ಸುಮ್ಮನೆ ಬರುವುದು ಬೇಡ ಎಂದ. ಸಕ್ಕುಬಾಯಿ ಅಳಲಿಲ್ಲ. ಅವಳ ಮುಖದಲ್ಲಿ ಒಂದು ಸಣ್ಣ ನಗು ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲ್ಲಲ್ಲೇ ಓಡಾಡಿತು. ಪಿನ್ನು ಸಡಿಲಾಗಿದೆ, ಬಿಗಿ ಮಾಡಿಕೊಡಿ ಎಂದಳು. ಅವನು ಬಿಗಿ ಮಾಡಿಕೊಟ್ಟ. ತನ್ನದೇ ಬೆಸುಗೆ, ಚೆನ್ನಾಗಿಯೇ ಹಿಡಿದಿತ್ತು. ಬಿಸಿಲು ಇಳಿಯುವ ತನಕ ಊರ ಹೊರಗಿನ ಬಾವಿಯ ಹತ್ತಿರ, ಬೇವಿನ ಮರದ ಕೆಳಗೆ ಗಾಡಿ ಬಿಟ್ಟುಕೊಂಡಿರುತ್ತೇವೆ, ನಾಲ್ಕು ಗಂಟೆಗೆ ಎತ್ತು ಹೂಡುತ್ತೇವೆ ಎಂದು ಹೇಳಿ ಅವರು ಹೋದರು.

ಅಂಗಡಿಯಲ್ಲಿ ಹದಿಮೂರು ಗಡಿಯಾರಗಳಿದ್ದವು. ಒಂದೊಂದೂ ಒಂದೊಂದು ಸಮಯ ತೋರಿಸುತ್ತಿತ್ತು. ವ್ಯಂಕಟೇಶ ಅವುಗಳಲ್ಲಿ ಸರಿಯಾದದ್ದನ್ನು ಹುಡುಕಿ ನೋಡಿದ: ಎರಡೂಕಾಲು. ಪ್ರಮಿಲಾಳಿಗೆ ಕಾಗದ ಬರೆಯೋಣವೆಂದು ಕಾಗದ ತೆಗೆದ. ಆಳಂದದಲ್ಲಿ ಬಿಸಿಲು ವಿಪರೀತ ಎಂದು ಬರೆದು, ಅದನ್ನೇ ನೋಡುತ್ತ ಕೂತ. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡ. ಮುದುಕಿಯ ಬದುಕಿಗೆ ಇನ್ನೆಷ್ಟು ವರ್ಷ, ಸಂತೋಷವಾಗಿರಲಿ. ಆದರೆ ಆ ಹುಡುಗಿ? ಅವಳು ಬೆಳಿಗ್ಗೆ ಎದ್ದು ಹೊಸ್ತಿಲ ಮುಂದೆ ಕೂರುತ್ತಾಳೆ, ಸ್ವಸ್ತಿಕ ಬರೆಯುತ್ತಾಳೆ, ನಾಲ್ಕು ಚುಕ್ಕಿ ಇಡುತ್ತಾಳೆ. ಇಪ್ಪತ್ತೈದಕ್ಕೂ ಇಡುತ್ತಾಳೆ, ನಲವತ್ತಕ್ಕೂ ಇಡುತ್ತಾಳೆ. ಕೂದಲು ಬೆಳ್ಳಗಾಗುತ್ತದೆ. ಅವಳು ಕಾಯುವುದು ಬೀರಣ್ಣನಿಗಾಗಿ ಅಲ್ಲ. ಮುಂಬೈ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಹೆಂಡತಿಯ ನೆನಪಿಗೆ ಕೈ ಜಾರಿದ ಒಬ್ಬ ಪತ್ತಾರನ ಚುಕ್ಕಿಗಾಗಿ. ತನ್ನ ಹಂಬಲವನ್ನು ಇನ್ನೊಬ್ಬಳು ತನ್ನ ಗಂಡನದೆಂದು ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದಾಳೆ. ಈ ವಿಚಾರ ಬಂದ ಮೇಲೆ ಅವನಿಗೆ ಕೂರಲಾಗಲಿಲ್ಲ. ಆದರೂ ಕೂತ. ಎದ್ದು ಹೋದರೆ ಏನೆಂದು ಹೇಳಬೇಕು? ಹೇಳುವುದೆಂದರೆ ಅವನಿಗೆ ಎಂದೂ ಆಗದ ಕೆಲಸ. ಕೈಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಮೂರೂವರೆಗೆ ಅವನು ಹಿತ್ತಾಳೆಯ ತೆಳು ತಗಡಿನ ಚೂರೊಂದನ್ನು ಕತ್ತರಿಸಿದ. ಸೀಸದ ಮೇಲಿಟ್ಟು, ಹಿಂಬದಿಯಿಂದ ಉಳಿ ಒತ್ತಿ ಸ್ವಸ್ತಿಕ ಎಳೆದ, ಓರೆಯಾಗಿ, ಆ ಬಿಲ್ಲೆಯಲ್ಲಿದ್ದಷ್ಟೇ ಸಣ್ಣದಾಗಿ. ಆಮೇಲೆ ಕಣ್ಣು ಮುಚ್ಚಿ, ಪ್ರಮಿಲಾಳ ಉಂಗುರದ ಬೆರಳನ್ನು ನೆನೆದುಕೊಂಡು, ಕೈಯನ್ನು ಅದರ ಪಾಡಿಗೆ ಬಿಟ್ಟ. ಒಂದು, ಎರಡು, ಮೂರು, ನಾಲ್ಕು. ತಿರುಗಿಸಿ ಗಾಜಿನಲ್ಲಿ ನೋಡಿದ. ಎಡಗಡೆಯ ಕೆಳಗಿನ ಚುಕ್ಕಿ ಕೂದಲೆಳೆಯಷ್ಟು ಹೊರಗೆ ಸರಿದಿತ್ತು. ಗಾಜು ಮತ್ತು ತಗಡನ್ನು ಕಿಸೆಗೆ ಹಾಕಿಕೊಂಡು, ಅಂಗಡಿಯ ಬಾಗಿಲನ್ನು ಹಾಗೆಯೇ ತೆರೆದಿಟ್ಟು, ತಲೆಗೆ ಟೊಪ್ಪಿಗೆಯೂ ಇಲ್ಲದೆ ನಡೆದ.

ಬೇವಿನ ಕೆಳಗೆ ಮಾಳಿಂಗಪ್ಪ ಎತ್ತುಗಳ ಕೊರಳಿಗೆ ನೊಗ ಏರಿಸುತ್ತಿದ್ದ. ನಿಂಬೆವ್ವ ಆಗಲೇ ಗಾಡಿಯಲ್ಲಿ ಕೂತಿದ್ದಳು. ಬಿಲ್ಲೆ ಸಕ್ಕುಬಾಯಿಯ ಹತ್ತಿರವೇ ಇತ್ತು. ಅವಳು ಬಾವಿಯ ಕಟ್ಟೆಯ ಹತ್ತಿರ ಕೊಡಕ್ಕೆ ನೀರು ತುಂಬಿಕೊಳ್ಳುತ್ತಿದ್ದಳು. ವ್ಯಂಕಟೇಶ ಅವಳ ಹತ್ತಿರ ಹೋಗಿ, ಏನೂ ಹೇಳದೆ ತಗಡನ್ನೂ ಗಾಜನ್ನೂ ಮುಂದೆ ಹಿಡಿದ. ಪರಗಂಡಸು ಹೀಗೆ ಮುಂದೆ ಬಂದು ಕೈ ಚಾಚಿದ್ದಕ್ಕೆ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ತಗಡನ್ನು ನೋಡಿದಳು. ಸೆರಗಿನ ಗಂಟು ಬಿಚ್ಚಿ, ಬಿಲ್ಲೆ ತೆಗೆದು, ತಗಡಿನ ಪಕ್ಕದಲ್ಲಿ ಕಟ್ಟೆಯ ಕಲ್ಲಿನ ಮೇಲಿಟ್ಟಳು. ಗಾಜು ಅವಳಿಗೆ ಬೇಕಾಗಲಿಲ್ಲ. ಉಗುರನ್ನು ಮೊದಲು ಇದರ ಮೇಲೆ, ಆಮೇಲೆ ಅದರ ಮೇಲೆ ಆಡಿಸಿದಳು. ಎಡಗಡೆಯ ಕೆಳಗಿನ ಮೂಲೆಗೆ ಬಂದಾಗ ಉಗುರು ನಿಂತಿತು. ಬಾವಿಯ ರಾಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ವ್ಯಂಕಟೇಶ ಅವಳ ಮುಖ ನೋಡಲಾರದೆ ಆ ತೊಟ್ಟುಗಳನ್ನು ನೋಡುತ್ತ ನಿಂತ.

"ನೀವs ಏನ್ರಿ?" ಎಂದಳು.

"ಹೌದು. ಮುಂಬೈದಾಗ. ಲಡಾಯಿ ಮುಗದ ಮ್ಯಾಲ ಮಾಡಿದ್ದು. ಎಲ್ಲಾನೂ ನಾನs ಮಾಡಿದ್ದು. ದಾವಲಸಾಬ ಹಡಗ ಇಳದಾಗ ಬಂದರದಾಗ ತಗೊಂಡಿರಬೇಕು."

ಹತ್ತು ತೊಟ್ಟು ಬಿದ್ದವು.

"ದಾವಲಸಾಬ ಸುಳ್ಳ ಹೇಳೋ ಮನಷ್ಯಾ ಅಲ್ಲ," ಎಂದಳು ಆಮೇಲೆ, ಬಹಳ ಮೆಲ್ಲಗೆ. "ಅವ ಸುಳ್ಳ ಹೇಳ್ಯಾನಂದ್ರ ಅವರು ಸತ್ತದ್ದನ್ನ ಕಣ್ಣಾರೆ ನೋಡ್ಯಾನ. ಅಂಗಳದಾಗ ನಿಂತಾವ ಒಳಗs ಬರಲಿಲ್ಲ. ನೀರ ಕೊಟ್ರೂ ಕುಡೀಲಿಲ್ಲ. ನನಗ ಆವಾಗs ತಿಳೀಬೇಕಿತ್ತು." ತಟ್ಟನೆ ತಲೆ ಎತ್ತಿದಳು. ಕಣ್ಣು ಕೆಂಪಾಗಿದ್ದವು, ನೀರಿರಲಿಲ್ಲ. "ಅಲ್ಲೇ ಯಾಕ ಹೇಳಲಿಲ್ಲ ನೀವು? ಎರಡು ತಾಸು ಅವರನ್ನ ಬದುಕಿಸಿ ಕೊಟ್ರಿ. ಈ ಎರಡು ತಾಸಿನ್ಯಾಗ ನಾ ಎಷ್ಟ ಮಾತಾಡೇನಿ ಅವರ ಕೂಡ, ಗೊತ್ತದೇನು? ಈಗ ಬಂದು ಮತ್ತ ಕೊಂದ್ರಿ."

ಅವಳು ಹೊಡೆದರೂ ವ್ಯಂಕಟೇಶ ನಿಂತಿರುತ್ತಿದ್ದ. ತಪ್ಪಾಯಿತು ಎಂದದ್ದು ಅವನಿಗೇ ಕೇಳಿಸಲಿಲ್ಲ. ಗಾಡಿಯಿಂದ ನಿಂಬೆವ್ವನ ದನಿ ಬರುತ್ತಿತ್ತು. ಮಗ ಬಂದರೆ ಹಿಂದಿನ ಗೋಡೆ ಕೆಡವಿ ಇನ್ನೊಂದು ಖೋಲಿ ತೆಗೆಯಬೇಕು, ಅವನಿಗೆ ಹೊಗೆ ಆಗುವುದಿಲ್ಲ ಎಂದು ಗಂಡನಿಗೆ ಹೇಳುತ್ತಿದ್ದಳು. ಸಕ್ಕುಬಾಯಿ ಅದನ್ನು ಕೇಳಿಸಿಕೊಳ್ಳುತ್ತ, ಬಿಲ್ಲೆಯನ್ನು ಬಿಟ್ಟು ತಗಡನ್ನು ಕೈಗೆತ್ತಿಕೊಂಡಳು.

"ಇದನ್ನ ಇಡೋವಾಗ ಮನಸ್ನಾಗ ಯಾರಿದ್ರು?" ಎಂದಳು.

"ನಮ್ಮಾಕಿ. ಹೊಸ್ತಲಕ್ಕ ಹಿಂಗs ಇಡ್ತಿದ್ಲು."

"ಎಲ್ಲಿದಾರ?"

"ಸೊಲ್ಲಾಪುರದಾಗ. ಬರವಲ್ಲಳು."

"ಆಕಿಗಿ ಹೇಳೀರೇನು ಇದನ್ನೆಲ್ಲಾ?"

"ಇಲ್ಲ."

"ನನಗ ಹೇಳಿದ್ರಿ," ಎಂದಳು ಸಕ್ಕುಬಾಯಿ. ಅದರಲ್ಲಿ ಸಿಟ್ಟಿತ್ತೋ ಕನಿಕರವಿತ್ತೋ ಅವನಿಗೆ ತಿಳಿಯಲಿಲ್ಲ. ಅವಳು ತಗಡನ್ನು ಸೆರಗಿನ ತುದಿಗೆ ಕಟ್ಟಿ, ಗಂಟನ್ನು ಹಲ್ಲಿನಿಂದ ಬಿಗಿದಳು. "ಇದು ನನ್ನ ಹತ್ರ ಇರ್ಲಿ. ಮನಸ್ಸು ಮತ್ತ ಎದ್ದು ದಾರಿ ನೋಡಾಕ ಹತ್ತಿದ್ರ ತೆಗದು ನೋಡಾಕ ಬೇಕು. ಮಾಂವಗ ನಾಳಿ ಮುಂಜಾನಿ ನಾನs ಹೇಳ್ತೇನಿ. ಮಂಗಳವಾರ ಬರೋರಿಗಿ ಬರಬ್ಯಾಡ್ರಿ ಅನ್ನೂದು ಬ್ಯಾಡ." ದನಿ ಅಲ್ಲಿ ಒಡೆಯಿತು, ಕೊಡದ ಬಾಯಿಗೆ ಕೈ ಹಾಕಿ ಒಂದು ಬೊಗಸೆ ನೀರನ್ನು ಮುಖಕ್ಕೆ ಎರಚಿಕೊಂಡಳು, ಕಣ್ಣಿನದೂ ಬಾವಿಯದೂ ಒಂದೇ ಆಗಲಿ ಎಂಬಂತೆ. "ಅತ್ತಿಗಿ ಇವತ್ತ ಏನೂ ಹೇಳಬ್ಯಾಡ್ರಿ. ಊರು ಮುಟ್ಟೋತನಕ ಆಕಿ ಹಿಂಗs ಇರ್ಲಿ."

ಬಿಲ್ಲೆಯನ್ನು ಒಯ್ದು ಅವಳು ಅತ್ತೆಯ ಕೈಯಲ್ಲಿ ಇಟ್ಟಳು. ನಿಂಬೆವ್ವ ಅದನ್ನು ಸೀರೆಗೆ ಒರೆಸಿ, ಕಣ್ಣಿಗೊತ್ತಿಕೊಂಡು, ಎದೆಯ ಹತ್ತಿರ ಪಿನ್ನು ಚುಚ್ಚಿಕೊಳ್ಳಲು ನೋಡಿದಳು; ಬರಲಿಲ್ಲ, ಸೊಸೆಯೇ ಚುಚ್ಚಿಕೊಟ್ಟಳು. ಕಪ್ಪು ಬಿಲ್ಲೆ ಮುದುಕಿಯ ಹಳೆಯ ಇಳಕಲ್ ಸೀರೆಯ ಮೇಲೆ ನೆಟ್ಟಗೆ ನಿಂತಿತು. ಮಾಳಿಂಗಪ್ಪ ಹಗ್ಗ ಎಳೆದ. ಗಾಡಿ ಒಮ್ಮೆ ಕುಲುಕಿ ಹೊರಟಿತು. ವ್ಯಂಕಟೇಶ ಹಿಂದೆ ನಾಲ್ಕು ಹೆಜ್ಜೆ ನಡೆದ, ಯಾಕೆಂದು ಗೊತ್ತಿಲ್ಲದೆ.

"ಪತ್ತಾರಪ್ಪಾ," ಎಂದು ನಿಂಬೆವ್ವ ಗಾಡಿಯಿಂದ ಬಾಗಿ ಕೂಗಿದಳು. "ಬೀರಣ್ಣ ಬಂದ ದಿನ ನಿನಗ ಊಟಕ್ಕ ಹೇಳಿ ಕಳಿಸ್ತೇವಿ. ನಿನ್ನ ಹೇಣ್ತಿನ್ನೂ ಕರ್ಕೊಂಡು ಬರಬೇಕು. ಬರ್ತಿಯಲ್ಲಾ?"

ಅತ್ತೆಯ ಬೆನ್ನ ಹಿಂದಿನಿಂದ ಸಕ್ಕುಬಾಯಿ ಅವನನ್ನೇ ನೋಡುತ್ತಿದ್ದಳು. ಅವಳ ಒದ್ದೆ ಮುಖ ಮೆಲ್ಲಗೆ ಅಲುಗಿತು, ಹೂಂ ಅನ್ನಿ ಎಂಬಂತೆ.

"ಹೂಂ ಯವ್ವಾ," ಎಂದ ವ್ಯಂಕಟೇಶ. "ಇಬ್ಬರೂ ಬರ್ತೇವಿ."